ಕೊಳಗದ ನೀರಿನಲ್ಲಿ ಅಪ್ಪನ ವಾಚು

ಸಮುದ್ರದಲ್ಲಿ ಮುಳುಗಿ ಕೆಲಸ ಮಾಡುವವರಿಗೆಂದು ತಯಾರಿಸಿದ ವಾಚೊಂದು ಜಯನಗರದ ನಮ್ಮ ಮನೆಯಲ್ಲಿತ್ತು. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿದ್ದ, ಬಂದ ದಿನ ಮನೆಮಂದಿಯೆಲ್ಲ ಬಕೆಟ್ ಹಿಡಿದು ನಿಲ್ಲುತ್ತಿದ್ದ ಮನೆ ಅದು. ನಮ್ಮಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಹಡಗಿನಲ್ಲಿ ಹತ್ತೊಂಬತ್ತು ವರ್ಷ ದುಡಿದ ಅಪ್ಪನಿಗೂ ಬರುತ್ತಿರಲಿಲ್ಲ. ಅವರು ಎಂಜಿನ್ ರೂಮಿನಲ್ಲಿ ಫಿಟ್ಟರ್ ಆಗಿದ್ದರು. ಸಮುದ್ರ ನೋಡಿದ್ದಕ್ಕಿಂತ ಎಣ್ಣೆ, ಹೊಗೆ ನೋಡಿದ್ದೇ ಹೆಚ್ಚು. "ಹಡಗು ಮುಳುಗಿದ್ರೆ ನಾನೂ ಮುಳುಗ್ತೀನಿ, ವಾಚ್ ಮಾತ್ರ ಓಡ್ತಾನೇ ಇರತ್ತೆ" ಎಂದು ಹೇಳಿ ನಗುತ್ತಿದ್ದರು. ಅಮ್ಮ ಆ ಮಾತಿಗೆ ಒಮ್ಮೆಯೂ ನಕ್ಕಿದ್ದನ್ನು ನಾನು ಕಂಡಿಲ್ಲ.

ಯಾವುದೋ ಬಂದರಿನಲ್ಲಿ ಕೊಂಡ ವಾಚು. ಉಕ್ಕಿನ ಮೈ, ಕಪ್ಪು ಮುಖ, ಮುಖದ ಸುತ್ತ ಅರವತ್ತು ನಿಮಿಷದ ಗೆರೆಗಳಿರುವ, ತಿರುಗಿಸಬಹುದಾದ ಒಂದು ಬಳೆ. ನೀರಿಗಿಳಿದವನು ಗಾಳಿ ತೀರುವ ಮೊದಲು ಮೇಲೆ ಬರಬೇಕಲ್ಲ, ಎಷ್ಟು ಹೊತ್ತಾಯಿತೆಂದು ತಿಳಿಯಲು ಆ ಬಳೆ. ಅಪ್ಪ ಅದನ್ನು ಇಡ್ಲಿ ಬೇಯಿಸುವುದಕ್ಕೆ ಬಳಸುತ್ತಿದ್ದರು. ಕೀಲಿ ಕೊಡುವ ವಾಚಲ್ಲ. ಕಟ್ಟಿಕೊಂಡವರ ಕೈ ಅಲ್ಲಾಡುತ್ತಿದ್ದರೆ ತಾನೇ ಓಡುವಂಥದ್ದು. ಬಿಚ್ಚಿಟ್ಟರೆ ಎರಡು ದಿನಕ್ಕೆ ನಿಂತುಹೋಗುತ್ತದೆ.

ಅಪ್ಪ ತಮ್ಮ ರಜೆಯನ್ನು ದಸರೆಗೆ ಹೊಂದಿಸಿಕೊಂಡು ಬರುತ್ತಿದ್ದರು. ಆಯುಧ ಪೂಜೆಯ ಬೆಳಿಗ್ಗೆ ಸ್ಪ್ಯಾನರು, ಸುತ್ತಿಗೆ, ಈಳಿಗೆಮಣೆ, ಅಮ್ಮನ ಹೊಲಿಗೆ ಯಂತ್ರ, ಸ್ಕೂಟರು ಎಲ್ಲವನ್ನೂ ತೊಳೆದು ಒರೆಸಿ ವಿಭೂತಿ ಕುಂಕುಮ ಇಟ್ಟಾದ ಮೇಲೆ ಕೊನೆಗೆ ವಾಚಿನ ಸರದಿ. ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆ ಕೊಳಗದ ತುಂಬ ನೀರು ತುಂಬಿ, ಅಪ್ಪ ವಾಚನ್ನು ಅದರ ತಳಕ್ಕೆ ಬಿಡುತ್ತಿದ್ದರು. ಅಣ್ಣನೂ ನಾನೂ ಕೊಳಗದ ಅಂಚಿಗೆ ಗಲ್ಲ ಊರಿ ಕೂತು, ಸೆಕೆಂಡಿನ ಮುಳ್ಳು ನೀರಿನ ಕೆಳಗೆ ಸುತ್ತುವುದನ್ನು ನೋಡುತ್ತಿದ್ದೆವು. ಐದು ನಿಮಿಷ ಯಾರೂ ಮಾತಾಡುವಂತಿಲ್ಲ. ಆಮೇಲೆ ಅಪ್ಪ ಅದನ್ನು ಎತ್ತಿ, ಪಂಚೆಯ ತುದಿಯಿಂದ ಒರೆಸಿ, ಕುಂಕುಮ ಇಟ್ಟು, ಮೊದಲು ಅಣ್ಣನ ಕಿವಿಗೆ, ಆಮೇಲೆ ನನ್ನ ಕಿವಿಗೆ ಹಿಡಿಯುತ್ತಿದ್ದರು. ಯಾವತ್ತೂ ಅದೇ ಕ್ರಮ. ಬೀದಿಯಲ್ಲಿ ಬೂದುಗುಂಬಳ ಒಡೆಯುವುದು, ಕಡ್ಲೆಪುರಿ ಹಂಚುವುದು ಎಲ್ಲ ಆಮೇಲೆ. ವರ್ಷದಲ್ಲಿ ಹತ್ತು ತಿಂಗಳು ಕಣ್ಣಿಗೇ ಬೀಳದ ಅಪ್ಪ ನಮ್ಮ ಪಾಲಿಗೆ ಪೂರ್ತಿ ಸಿಗುತ್ತಿದ್ದುದು ಆ ಐದು ನಿಮಿಷ.

ಅಮ್ಮ ತೀರಿಕೊಂಡ ಮೇಲೆ ಅಪ್ಪನಿಗೆ ಸ್ಟ್ರೋಕ್ ಆಗಿ ಎಡಭಾಗ ಬಿದ್ದುಹೋಯಿತು. ಅಷ್ಟು ಹೊತ್ತಿಗೆ ಜಯನಗರದ ಮನೆ ಅಣ್ಣನ ಹೆಸರಿಗೆ ಆಗಿತ್ತು. ನಾನು ಜರಗನಹಳ್ಳಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆ. ಬನಶಂಕರಿಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ. ಮದುವೆಯಾಗಿರಲಿಲ್ಲ. ಮದುವೆಯಾಗದವಳಿಗೆ ಸಂಸಾರವಿಲ್ಲ, ಸಂಸಾರವಿಲ್ಲದವಳಿಗೆ ಬೇಕಾದಷ್ಟು ಪುರುಸೊತ್ತು ಎಂದು ನಮ್ಮ ನೆಂಟರಿಷ್ಟರು ತೀರ್ಮಾನಿಸಿಬಿಟ್ಟಿದ್ದರು. ಅಣ್ಣ ಒಂದು ಭಾನುವಾರ ಬಂದು, "ನಮ್ಮನೇಲಿ ಮೆಟ್ಟಿಲು ಜಾಸ್ತಿ ಕಣೇ, ಅಪ್ಪಂಗೆ ಕಷ್ಟ ಆಗತ್ತೆ" ಎಂದ. ಮನೆ ಅವನಿಗೆ, ಅಪ್ಪ ನನಗೆ. ಹಾಗೆ ಭಾಗವಾಯಿತು.

ಅಪ್ಪ ನನ್ನ ಜೊತೆ ನಾಲ್ಕು ವರ್ಷ ಇದ್ದರು. ಬಂದ ಮೂರನೆಯ ದಿನವೇ ವಾಚು ನಿಂತಿತು. ಎಡಗೈ ಅಲ್ಲಾಡದಿದ್ದರೆ ಅದು ಓಡುವುದಾದರೂ ಹೇಗೆ? ಬಲಗೈಗೆ ಕಟ್ಟುತ್ತೇನೆಂದರೆ ಒಪ್ಪಲೊಲ್ಲರು. ಮಾತು ತೊದಲುತ್ತಿತ್ತು, ನಿಂತ ವಾಚನ್ನು ತೋರಿಸಿ ತೋರಿಸಿ ಅತ್ತರು. ಹೆಂಡತಿ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ. ಬೆಳಿಗ್ಗೆ ಅವರಿಗೆ ತಿಂಡಿ ತಿನ್ನಿಸಿ, ನೋಡಿಕೊಳ್ಳುವ ಹೆಂಗಸು ಬಂದ ಮೇಲೆ ವಾಚನ್ನು ಬಿಚ್ಚಿ ನನ್ನ ಕೈಗೆ ಕಟ್ಟಿಕೊಂಡು ಹೊರಡುತ್ತಿದ್ದೆ. ಕನಕಪುರ ರಸ್ತೆಯ ಬಸ್ಸಿನಲ್ಲಿ ಕಂಬಿ ಹಿಡಿದು ಜೋಲಾಡುವಾಗ, ಪುಸ್ತಕಗಳನ್ನು ಕಪಾಟಿಗೆ ಏರಿಸುವಾಗ, ಇಳಿಸುವಾಗ ಅದು ತನ್ನಷ್ಟಕ್ಕೆ ಓಡಿಕೊಂಡಿರುತ್ತಿತ್ತು. ಸಂಜೆ ಆರಕ್ಕೆ ಮನೆಗೆ ಬಂದು ಓಡುವ ವಾಚನ್ನು ಅಪ್ಪನ ಬಿದ್ದುಹೋದ ಕೈಗೆ ಮತ್ತೆ ಕಟ್ಟುತ್ತಿದ್ದೆ. ಅವರು ಅದನ್ನು ಕಿವಿಯ ಹತ್ತಿರ ತರಲು ಹೇಳುತ್ತಿದ್ದರು. ಕೇಳಿಸಿಕೊಂಡು, ಸರಿ ಎಂಬಂತೆ ಕಣ್ಣು ಮುಚ್ಚುತ್ತಿದ್ದರು. ಒಂದು ದಿನ ಬಸ್ಸು ಕೆಟ್ಟು ಏಳೂವರೆ ಆದಾಗ ಊಟವನ್ನೇ ಮುಟ್ಟಲಿಲ್ಲ. ನನಗಾಗಿ ಕಾದಿದ್ದರೋ ವಾಚಿಗಾಗಿಯೋ ನಾನು ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳಿಬಿಡುತ್ತಿದ್ದರೇನೋ ಎಂಬ ಭಯ.

ಅಣ್ಣ ತಿಂಗಳಿಗೊಮ್ಮೆ ಬಾಳೆಹಣ್ಣು ಹಿಡಿದು ಬರುತ್ತಿದ್ದ. ಅರ್ಧ ಗಂಟೆ ಕೂತು, ಅಪ್ಪನ ಕೈ ಹಿಡಿದು, "ಆರಾಮಾಗಿದೀರಲ್ಲ ಅಪ್ಪ" ಎಂದು ತಾನೇ ಹೇಳಿ ತಾನೇ ಸಮಾಧಾನಪಟ್ಟುಕೊಂಡು ಹೋಗುತ್ತಿದ್ದ.

ಅಪ್ಪ ಹೋದ ಹದಿಮೂರನೆಯ ದಿನ, ಜಯನಗರದ ಮನೆಯಲ್ಲಿ ವೈಕುಂಠ ಸಮಾರಾಧನೆಯ ಊಟ ಮುಗಿದು ಎಲೆ ಎತ್ತಿದ ಮೇಲೆ, ಸೋದರತ್ತೆ ವಾಚನ್ನು ದೇವರ ಮನೆಯಿಂದ ತಂದರು. ನಾನೇ ಅಲ್ಲಿಟ್ಟಿದ್ದೆ. "ಗಂಡಸರ ವಾಚು, ಕೊಳ್ಳಿ ಇಟ್ಟ ಮಗನಿಗೇ ಸೇರ್ಬೇಕು" ಎಂದರು. ಅಣ್ಣ ಕೈ ಚಾಚಿದ. ಇಡೀ ಹಜಾರದಲ್ಲಿ ಒಬ್ಬರಾದರೂ ನನ್ನ ಕಡೆ ನೋಡುತ್ತಾರೇನೋ ಎಂದು ಕಾದೆ. ಎಲ್ಲರೂ ತಾಂಬೂಲ ಮಡಿಸುತ್ತಿದ್ದರು. ಅವನಾದರೂ "ಅಪ್ಪನ್ನ ನೋಡ್ಕೊಂಡಿದ್ದು ಇವಳು" ಎಂದು ಒಂದು ಮಾತು ಹೇಳಬಹುದಿತ್ತು. ವಾಚು ಬೇಕಾದರೆ ಇಟ್ಟುಕೊಳ್ಳಲಿ, ನನಗೆ ಬೇಕಾಗಿದ್ದದ್ದು ಅದೊಂದು ಮಾತು. ಅವನು ಪಟ್ಟಿ ಬಿಗಿಮಾಡಿಕೊಂಡು, ಇನ್ನೊಂದು ತೂತು ಬೇಕಿತ್ತು ಎಂದ.

ಒಂದು ವರ್ಷ ಅದು ಅವನ ಬೀರುವಿನಲ್ಲಿ ನಿಂತು ಮಲಗಿತ್ತು. ಆಮೇಲೆ ಒಂದು ದಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನನ್ನ ಮುಂದಿಟ್ಟ. "ನಿಂಗೆ ಆ ರಿಪೇರಿಯವ್ನು ಗೊತ್ತಲ್ಲ, ತೋರ್ಸೇ. ನಿನ್ ಹತ್ರನೇ ಇರ್ಲಿ, ಫಂಕ್ಷನ್‌ಗೆ ಬೇಕಾದಾಗ ಇಸ್ಕೋತೀನಿ."

ರಿಪೇರಿಯವರ ಅಂಗಡಿ ಫೋರ್ತ್ ಬ್ಲಾಕಿನಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ. ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು. ಅಪ್ಪ ಇದ್ದಾಗಲೂ ಪಟ್ಟಿ ಹಾಕಿಸಲು ನಾನು ಹೋಗುತ್ತಿದ್ದುದು ಅಲ್ಲಿಗೇ. ಅವರು ಹಿಂಬದಿಯ ಮುಚ್ಚಳ ಬಿಚ್ಚಿ, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ತುಂಬಾ ಹೊತ್ತು ನೋಡಿದರು. ನೀರು ತಡೆಯುವ ರಬ್ಬರ್ ಉಂಗುರವನ್ನು ಚಿಮಟದಲ್ಲಿ ಎತ್ತಿ ತೋರಿಸಿದರು. ಒಣಗಿದ ಹುಣಸೆ ನಾರಿನಂತೆ ಅದು ಮುರಿಯಿತು.

"ಮೇಡಂ, ಓಡೋ ಹಾಗೆ ಮಾಡ್ಕೊಡ್ತೀನಿ. ಆದ್ರೆ ಇದಕ್ಕೆ ಇನ್ನು ನೀರು ಆಗಲ್ಲ" ಎಂದರು. "ಹೊಸಾ ರಬ್ಬರ್ ಹಾಕ್ಬಹುದು, ಆದ್ರೆ ಅದು ಕೂರೋ ಜಾಗಾನೇ ಉಪ್ಪು ತಿಂದ್ಬಿಟ್ಟಿದೆ. ಮುಳ್ಳು ತಿರುಗಿಸೋ ತಿರುಪಿನ ಹಲ್ಲೂ ಸವೆದಿದೆ. ಕೈ ತೊಳೆಯೋವಾಗ್ಲೂ ಬಿಚ್ಚಿಡಿ. ಅಕಸ್ಮಾತ್ ನೀರು ಹೋಯ್ತು ಅಂದ್ರೆ ಅವತ್ತೇ ತನ್ನಿ. ಹಬ್ಬ ಹುಣ್ಣಿಮೆ ಏನೂ ನೋಡ್ಬೇಡಿ, ಫೋನ್ ಮಾಡಿ, ಮನೆಯಿಂದ ಬಂದು ಬಿಚ್ಚಿ ಒಣಗಿಸ್ತೀನಿ. ಎರಡು ದಿನ ಬಿಟ್ರೆ ಮುಗೀತು."

ಮುಖದ ಮೇಲೆ ಕತ್ತಲಲ್ಲಿ ಹೊಳೆಯುವ ಚುಕ್ಕೆಗಳು ಹಳದಿಗಟ್ಟಿದ್ದವು. ಹೊಸದಾಗಿ ಬಣ್ಣ ಬಳಿಸಲೇ ಎಂದು ಕೇಳಿದ್ದಕ್ಕೆ ನನ್ನನ್ನು ಗದರಿದರು. "ಅದನ್ನ ಮುಟ್ಟಿದ್ರೆ ಇದು ನಿಮ್ಮ ತಂದೆ ವಾಚಲ್ಲ, ಯಾರ್ದೋ ವಾಚು." ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ಆಮೇಲೆ ಏಳು ವರ್ಷ ಅದು ನನ್ನ ಕೈಯಲ್ಲಿತ್ತು. ಅಮ್ಮನ ಹಳೆಯ ನೂಲಿನ ಸೀರೆಯ ತುಂಡಿನಿಂದ ದಿನವೂ ಒರೆಸುತ್ತಿದ್ದೆ. ಬಳೆಯ ಸಂದಿಯಲ್ಲಿ ಕೂತ ಕೊಳೆಯನ್ನು ಭಾನುವಾರ ಹಲ್ಲುಕಡ್ಡಿಯಿಂದ ತೆಗೆಯುತ್ತಿದ್ದೆ. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ ಅದು ಫ್ರಿಜ್ಜಿನ ಮೇಲೆ. ಮಳೆ ಬಂದರೆ ಪ್ಲಾಸ್ಟಿಕ್ ಕವರಿನೊಳಗೆ, ಕವರು ಬ್ಯಾಗಿನೊಳಗೆ. ಸಮುದ್ರದ ತಳಕ್ಕೆ ಹೋಗಬೇಕಾದ ವಾಚನ್ನು ಸಾರಕ್ಕಿ ಸಿಗ್ನಲ್ಲಿನ ತುಂತುರಿನಿಂದ ಕಾಪಾಡುತ್ತ ನಿಂತ ನನ್ನನ್ನು ನೋಡಿದ್ದರೆ ಅಪ್ಪ ಹೊಟ್ಟೆ ಹಿಡಿದು ನಗುತ್ತಿದ್ದರು. ರಿಟೈರಾದ ಮೇಲೆ ಬಸ್ಸಿನ ಓಡಾಟ ನಿಂತಿತು. ವಾಚು ನಿಲ್ಲಬಾರದೆಂದು ಬೆಳಿಗ್ಗೆ ಸಂಜೆ ಕೈ ಬೀಸಿಕೊಂಡು ನಡೆಯಲು ಶುರುಮಾಡಿದೆ. ಡಾಕ್ಟರು ಹೇಳಿದಾಗ ನಡೆದವಳಲ್ಲ ನಾನು.

ಅಣ್ಣ ಮಾತ್ರ ಉಪನಯನ, ಗೃಹಪ್ರವೇಶಗಳಿಗೆ ಫೋನ್ ಮಾಡಿ ತರಿಸಿಕೊಳ್ಳುತ್ತಿದ್ದ. ರೇಷ್ಮೆ ಜುಬ್ಬಾದ ತೋಳು ಮಡಚಿ, "ಫಾದರ್‌ದು" ಎಂದು ಬೀಗರಿಗೆ ತೋರಿಸುತ್ತಿದ್ದ. ಎರಡು ದಿನ ಬಿಟ್ಟು ವಾಪಸ್ ಬರುವಾಗ ಪಟ್ಟಿಗೆ ಸಾರಿನ ವಾಸನೆ ಇರುತ್ತಿತ್ತು. ಯಜಮಾನ ಅವನು, ಆಯಾ ನಾನು. ನೀರು ಆಗುವುದಿಲ್ಲ ಎಂಬುದನ್ನು ಅವನಿಗೆ ಹೇಳಿರಲಿಲ್ಲ. ಮೊದಮೊದಲು ಮರೆತೆ. ಆಮೇಲೆ, ಅವನಾಗಿ ಒಂದು ಸಲವಾದರೂ ಕೇಳಲಿ ಎಂಬ ಹಟಕ್ಕೆ ಹೇಳಲಿಲ್ಲ. ಅವನು ಕೇಳಲಿಲ್ಲ.

ಹೋದ ದಸರೆಗೆ ಅಣ್ಣನ ಮಗಳು ಮೈಸೂರಿನಿಂದ ಗಂಡನನ್ನೂ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬಂದಿದ್ದಳು. ಅಣ್ಣ ಆಯುಧ ಪೂಜೆಯ ಹಿಂದಿನ ದಿನವೇ ಫೋನ್ ಮಾಡಿದ. "ವಾಚ್ ತಗೊಂಡ್ ಬಾರೇ. ಮಕ್ಳಿಗೆ ಕೊಳಗದ್ದು ತೋರಿಸ್ಬೇಕು. ಅಪ್ಪ ಮಾಡ್ತಿದ್ರಲ್ಲ, ಹಾಗೇ." ಅವನ ದನಿಯಲ್ಲಿ ಹತ್ತು ವರ್ಷದ ಹುಡುಗನ ಸಡಗರವಿತ್ತು. ಅದನ್ನು ನಾನು ಗುರುತಿಸಿದೆ. ಗುರುತಿಸಲಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಬಾಳೆಕಂದು, ಚೆಂಡುಹೂ ಕಟ್ಟಿದ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಕೊಳಗಕ್ಕೆ ಬೇಡ, ಕಿವಿಗೆ ಹಿಡಿದು ಕೇಳಿಸೋಣ, ಅಷ್ಟು ಸಾಕು ಎನ್ನಬೇಕು. ಹೇಳಿಯೇ ತೀರುವವಳಿದ್ದೆ.

ಬಾಗಿಲಲ್ಲೇ ಅತ್ತಿಗೆ ಸಿಕ್ಕಿದಳು. "ಬಂದ್ರಾ? ನಿಮಗೇ ಕಾಯ್ತಾ ಇದಾರೆ. ಹಬ್ಬ ಆದ್ಮೇಲೆ ವಾಚು ಇಲ್ಲೇ ಇರ್ಲಿ, ಆಯ್ತಾ? ಎಷ್ಟು ವರ್ಷ ಅಂತ ನಿಮಗೆ ತೊಂದ್ರೆ ಕೊಡೋದು. ಲಾಕರ್‌ನಲ್ಲಿ ಇಟ್ಬಿಡ್ತೀವಿ, ಮುಂದೆ ಮಕ್ಳಿಗೆ ಆಗತ್ತೆ."

ಹಿಂದಿನಿಂದ ಅಣ್ಣನೂ ಬಂದ. "ಹೌದು ಕಣೇ. ನಿಂಗೂ ವಯಸ್ಸಾಯ್ತು. ಒಬ್ಳೇ ಓಡಾಡ್ತೀಯ, ಎಲ್ಲಾದ್ರೂ ಕಳ್ಕೊಂಡ್ಬಿಟ್ರೆ?"

ಏಳು ವರ್ಷ ನನ್ನ ಬೆರಳಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದೆ. ಕಳ್ಕೊಂಡ್ಬಿಟ್ರೆ ಅಂತೆ! ಲಾಕರಿನ ಕತ್ತಲೆಯಲ್ಲಿ ಎರಡನೆಯ ದಿನವೇ ಅದು ನಿಲ್ಲುತ್ತದೆ, ಆಮೇಲೆ ವರ್ಷಗಟ್ಟಲೆ ನಿಂತೇ ಇರುತ್ತದೆ ಎಂಬುದು ಆ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾನು ವಾಚು ಬಿಚ್ಚಿ ಅಣ್ಣನ ಅಂಗೈಯಲ್ಲಿಟ್ಟೆ.

ಅವನು ಅದನ್ನು ತಿರುಗಿಸಿ ನೋಡಿ, "ಎಲ್ಲಾ ಸರಿಯಾಗಿದೆ ತಾನೆ?" ಎಂದು ಕೇಳಿದ.

ಕಡೆಗೂ ಕೇಳಿದ. ಇಷ್ಟು ವರ್ಷ ನಾನು ಕಾದಿದ್ದ ಪ್ರಶ್ನೆಯನ್ನು ತಾನಾಗಿಯೇ ಕೇಳಿದ. ಮಾತು ನಾಲಗೆಯ ತುದಿಯಲ್ಲಿತ್ತು.

"ಚೆನ್ನಾಗಿ ಓಡ್ತಾ ಇದೆ" ಎಂದೆ.

ಕೊಳಗ ಅದೇ. ಅಂಚಿನ ತಗ್ಗು ಕೂಡ ಅದೇ. ನಾನು ಐದನೆಯ ಕ್ಲಾಸಿನಲ್ಲಿದ್ದಾಗ ಬೀಳಿಸಿದ್ದು. ಮಕ್ಕಳಿಬ್ಬರೂ ಅಂಚಿಗೆ ಗಲ್ಲ ಊರಿ ಕೂತರು. ಅಣ್ಣ ಬಳೆಯನ್ನು ತಿರುಗಿಸಿ ಸೊನ್ನೆಗೆ ತಂದು, ವಾಚನ್ನು ಅಪ್ಪನ ಹಾಗೆಯೇ ಎರಡು ಬೆರಳಲ್ಲಿ ಹಿಡಿದು ನೀರಿಗೆ ಬಿಟ್ಟ. ಸೆಕೆಂಡಿನ ಮುಳ್ಳು ಓಡಿತು. ಮಕ್ಕಳು ಬಾಯಿ ತೆರೆದು ನೋಡಿದರು. "ಸಮುದ್ರಾನೇ ಇದಕ್ಕೆ ಏನೂ ಮಾಡಕ್ಕಾಗ್ಲಿಲ್ಲ" ಎಂದು ಅಣ್ಣ ಪಿಸುಗುಟ್ಟಿದ. ಒಂದು ನಿಮಿಷ, ಎರಡು, ಐದು. ಏನೂ ಆಗಲಿಲ್ಲ. ಆಗ ನನಗಾದದ್ದು ನೆಮ್ಮದಿಯಲ್ಲ, ನಿರಾಸೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಊಟಕ್ಕೆ ಕೂತಾಗ ಚಿಕ್ಕವಳು ದೇವರ ಮನೆಯಿಂದ ಕೂಗಿದಳು. "ಅಜ್ಜಿ, ವಾಚೊಳಗೆ ಮಂಜು ಬಂದಿದೆ!"

ಗಾಜಿನ ಒಳಗೆ ಹಬೆ ಕಟ್ಟಿತ್ತು. ಅಣ್ಣನ ಮುಖ ಸಣ್ಣದಾಯಿತು. ಅಳಿಯ, ಮೊಬೈಲು ನೀರಿಗೆ ಬಿದ್ದರೆ ಅಕ್ಕಿಯಲ್ಲಿಟ್ಟರೆ ಸರಿಹೋಗುತ್ತದೆ ಎಂದ. ಎಲ್ಲರಿಗೂ ಅದು ಭಾರಿ ಬುದ್ಧಿವಂತಿಕೆಯಾಗಿ ಕಂಡಿತು. ಅತ್ತಿಗೆ ಸೋನಾಮಸೂರಿ ಡಬ್ಬ ತಂದಳು. ರಿಪೇರಿಯವರ ನಂಬರು ನನ್ನ ಫೋನಿನಲ್ಲಿತ್ತು, ಫೋನು ನನ್ನ ಮಡಿಲಲ್ಲೇ ಇತ್ತು. ಅವತ್ತೇ ತನ್ನಿ ಎಂದಿದ್ದು ಕಿವಿಯಲ್ಲಿ ಹೇಳಿದ ಹಾಗೆ ಕೇಳಿಸುತ್ತಿತ್ತು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಮೊದಲನೆಯ ಸಲ ಕೋಪದಲ್ಲಿ ಬಾಯಿ ಕಟ್ಟಿತು ಎಂದುಕೊಳ್ಳಬಹುದು. ಎರಡನೆಯ ಸಲಕ್ಕೆ ಆ ನೆಪವೂ ಇಲ್ಲ. ತುಪ್ಪ ಹಾಕಿಕೊಂಡು ಹೋಳಿಗೆ ತಿಂದೆ.

ಐದನೆಯ ದಿನ ಅಣ್ಣ ವಾಚನ್ನು ನನ್ನ ಮನೆಗೆ ತಂದ. ಅಕ್ಕಿ ಕಾಳೊಂದು ಪಟ್ಟಿಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. "ನಿಂತೋಗಿದೆ. ತೋರ್ಸ್ತೀಯಾ?" ಎಂದಷ್ಟೇ ಹೇಳಿ, ಕಾಫಿಗೂ ನಿಲ್ಲದೆ ಹೊರಟ.

ರಿಪೇರಿಯವರು ಮುಚ್ಚಳ ಬಿಚ್ಚಿದವರು ಭೂತಗಾಜು ಹಾಕಿಕೊಳ್ಳಲೇ ಇಲ್ಲ. ಬರಿಗಣ್ಣಿಗೇ ಕಾಣುತ್ತಿತ್ತು. ಒಳಗೆಲ್ಲ ಕೆಂಪಗೆ ತುಕ್ಕು. ಮುಖದ ಕಪ್ಪು ಬಣ್ಣ ಉಬ್ಬಿ ಎದ್ದಿತ್ತು. ಆ ಹಳದಿ ಚುಕ್ಕೆಗಳಲ್ಲಿ ನಾಲ್ಕು ಉದುರಿ ಗಾಜಿನ ಅಂಚಿನಲ್ಲಿ ಬಿದ್ದಿದ್ದವು. ಅವರು ಅದನ್ನು ಬಟ್ಟೆಯ ಮೇಲೆ ಮಲಗಿಸಿ, ಕೈ ಒರೆಸಿಕೊಂಡರು.

"ಯಾರು ಮೇಡಂ ನೀರಿಗೆ ಹಾಕಿದ್ದು?"

"ನಮ್ಮಣ್ಣ."

"ನೀವು ಅವ್ರಿಗೆ ಹೇಳಿರ್ಲಿಲ್ವಾ?"

"ಹೇಳಿದ್ದೆ" ಎಂದೆ.

ಅವರು ತಲೆಯಾಡಿಸಿದರು. "ಕೆಲವರಿಗೆ ಎಷ್ಟು ಹೇಳಿದ್ರೂ ಅಷ್ಟೇ. ನೀವು ಇಷ್ಟು ವರ್ಷ ಮಗು ಥರ ನೋಡ್ಕೊಂಡ್ರಿ" ಎಂದು ನನಗಾಗಿ ಮರುಗಿದರು. ಕೂಲಿ ಬೇಡವೆಂದು ಕೈ ಮುಗಿದರು. ಬದಲಿ ಸಾಮಾನು ಎಲ್ಲೂ ಸಿಗುವುದಿಲ್ಲ, ಸಿಕ್ಕರೂ ಇದರೊಳಗೆ ಕೂರಿಸುವುದಕ್ಕೆ ಏನೂ ಉಳಿದಿಲ್ಲ ಎಂದರು. ನಾನು ಮೆಟ್ಟಿಲ ಕೆಳಗಿನಿಂದ ಬಗ್ಗಿಕೊಂಡು ಹೊರಗೆ ಬಂದೆ.

ಸಂಜೆ ಅಣ್ಣನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಆ ಕಡೆ ಅವನು ಬಿಕ್ಕಿದ್ದು ಕೇಳಿಸಿತು. ಅಪ್ಪ ಸತ್ತ ದಿನವೂ ಅವನು ಅತ್ತಿರಲಿಲ್ಲ. ಬಂದವರಿಗೆಲ್ಲ ಕುರ್ಚಿ ಹಾಕಿಸುತ್ತ ಓಡಾಡಿಕೊಂಡಿದ್ದ.

"ಅಪ್ಪನ ಕೈಲಿ ಅಷ್ಟು ವರ್ಷ ಏನೂ ಆಗದೇ ಇದ್ದಿದ್ದು, ನನ್ ಕೈಲಿ ಒಂದೇ ದಿನಕ್ಕೆ ಹೋಯ್ತಲ್ಲೇ" ಎಂದ. ಆಮೇಲೆ ಕೇಳಿದ, "ನೀರು ಆಗಲ್ಲ ಅಂತ ನಿಂಗೆ ಗೊತ್ತಿತ್ತಾ?"

"ನಂಗೇನ್ ಗೊತ್ತು? ನೀರಿನ ವಾಚಲ್ವಾ ಅದು" ಎಂದೆ. ಬೆಳಿಗ್ಗೆ ಒಬ್ಬರಿಗೆ ಹೇಳಿದ್ದೆ ಎಂದವಳು, ಸಂಜೆ ಇನ್ನೊಬ್ಬರಿಗೆ ಗೊತ್ತೇ ಇರಲಿಲ್ಲ ಎಂದೆ. ಎರಡೂ ಸಲ ದನಿ ಒಂದಿಷ್ಟೂ ನಡುಗಲಿಲ್ಲ.

ಅಣ್ಣ ಮೂಗೊರೆಸಿಕೊಂಡ. "ನೀನೇ ಇಟ್ಕೋ ಅದನ್ನ. ಅವತ್ತೇ ನಿಂಗೆ ಕೊಡ್ಬೇಕಿತ್ತು ನಾನು. ಅಪ್ಪನ್ನ ನೋಡ್ಕೊಂಡಿದ್ದೂ ನೀನೇ, ವಾಚನ್ನ ನೋಡ್ಕೊಂಡಿದ್ದೂ ನೀನೇ. ನಾನು ಬರೀ ಕಟ್ಕೊಂಡ್ ಮೆರೆದೆ. ನಿನ್ ಹತ್ರಾನೇ ಇದ್ದಿದ್ರೆ ಉಳೀತಿತ್ತು ಕಣೇ."

ಹದಿಮೂರನೆಯ ದಿನದ ಹಜಾರದಲ್ಲಿ ನಾನು ಕಾದು ನಿಂತಿದ್ದ ಮಾತು ಅದು. ಹೆಚ್ಚು ಕಮ್ಮಿ ಅದೇ ಮಾತನ್ನು ಅಣ್ಣ ಅಳುತ್ತ ಹೇಳುತ್ತಿದ್ದ. ವಾಚು ನನ್ನ ಎಡಗೈಯಲ್ಲಿತ್ತು. ಊಟ ಆಯ್ತಾ ಎಂದು ಕೇಳಿದೆ. ಇನ್ನೂ ಇಲ್ಲ ಎಂದ. ಮಾಡು ಹೋಗು ಎಂದು ಹೇಳಿ ಫೋನಿಟ್ಟೆ.